ಫಿಲ್ಮ್ ಕೆಟ್ಟಿರಲಿಲ್ಲ, ಕೊಂಡಿ ಬಿಗಿಯಾಗಿತ್ತು

ವೈಬಿಸಿಒ ಎಂಬ ಅತಿವಾಹಕದ (ತಣಿಸಿದಾಗ ವಿದ್ಯುತ್ ರೋಧ ಕಳೆದುಕೊಳ್ಳುವ ವಸ್ತು) ತೆಳುಪದರ, ಅಂದರೆ ಫಿಲ್ಮ್, ಮೈಕ್ರೋವೇವ್‌ಗೆ ಒಡ್ಡುವ ಮೇಲ್ಮೈ ರೋಧ ಅಳೆಯಲು ನಾನು ಬಳಸುವುದು ನೀಲಮಣಿ ರೆಸೊನೇಟರ್, ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುವ ಸಾಧನ: ತಾಮ್ರದ ಡಬ್ಬಿ, ನಡುವೆ ನೀಲಮಣಿಯ ಸಿಲಿಂಡರ್, ಮೇಲೂ ಕೆಳಗೂ ಒಂದೊಂದು ಫಿಲ್ಮ್. 77 ಕೆಲ್ವಿನ್, 10 ಗಿಗಾಹರ್ಟ್ಸ್‌ನಲ್ಲಿ ಅರ್ಧ ಮಿಲಿಓಮ್ ಆಸುಪಾಸು ಬರಬೇಕಿತ್ತು. ಬಂದದ್ದು ಅದರ ಎರಡರಷ್ಟು.

ಒಂದು ವಾರ ಫಿಲ್ಮನ್ನೇ ಬೈದೆ. ಬೇರೆ ಜೋಡಿ ಹಾಕಿದೆ, ಅದೂ ಅಷ್ಟೇ. ಆಗ ಅನುಮಾನ ಬಂತು.

ರೆಸೊನೇಟರ್ ಮೂಲಕ ಎಷ್ಟು ಸಿಗ್ನಲ್ ದಾಟುತ್ತದೆ ಎಂದು ತೋರಿಸುವ ನೆಟ್‌ವರ್ಕ್ ಅನಲೈಸರ್ ಪರದೆಯಲ್ಲಿ ಅನುರಣನದ ಶಿಖರ ಮೈನಸ್ 6 ಡೆಸಿಬಲ್‌ನಲ್ಲಿತ್ತು. ಎಷ್ಟು ಚೆಂದದ ಸಿಗ್ನಲ್ ಎಂದು ಖುಷಿಪಟ್ಟಿದ್ದೆ, ತಪ್ಪು ಅಲ್ಲೇ ಇತ್ತು. ರೋಧ ಲೆಕ್ಕಹಾಕುವುದು ಕ್ಯೂನಿಂದ: ನಷ್ಟ ಕಡಿಮೆಯಿದ್ದಷ್ಟೂ ಶಿಖರ ಚೂಪು, ಕ್ಯೂ ಹೆಚ್ಚು. ಆದರೆ ಶಿಖರದ 3 ಡೆಸಿಬಲ್ ಅಗಲದಿಂದ (ತುದಿಯಿಂದ 3 ಡೆಸಿಬಲ್ ಕೆಳಗಿನ ಅಗಲ) ಸಿಗುವುದು ಹೊರಗಿನ ಕೇಬಲ್‌ಗಳ ಹೊರೆ ಸೇರಿದ ಕ್ಯೂ. ಕೇಬಲ್‌ಗಳನ್ನು ರೆಸೊನೇಟರ್‌ಗೆ ಜೋಡಿಸುವ ಎರಡೂ ಕೊಂಡಿಗಳು ಸಮವಾಗಿದ್ದರೆ ನಿಜವಾದ ಕ್ಯೂ ಪಡೆಯಲು ಅದನ್ನು ಒಂದರಿಂದ ಪ್ರಸರಣದ ಪ್ರಮಾಣ (ದಾಟಿ ಬಂದ ಅಲೆಯ ವೋಲ್ಟೇಜ್ ಪಾಲು) ಕಳೆದ ಸಂಖ್ಯೆಯಿಂದ ಭಾಗಿಸಬೇಕು. ಮೈನಸ್ 6 ಅಂದರೆ ಪ್ರಮಾಣ 0.5, ಅಂದರೆ ನನ್ನ ಕ್ಯೂ ನಿಜವಾದದ್ದರ ಸರಿಯಾಗಿ ಅರ್ಧ, ಅದಕ್ಕೇ ರೋಧ ಎರಡರಷ್ಟು! ಕೊಂಡಿಗಳನ್ನು ಹಿಂದೆಳೆದು ಮೈನಸ್ 40ಕ್ಕೆ ತಂದೆ. ಈಗ ವ್ಯತ್ಯಾಸ ಶೇಕಡಾ 1 ಮಾತ್ರ. ಗದ್ದಲ ಹೆಚ್ಚಿತು, ಸರಾಸರಿ ತೆಗೆದು ಸಹಿಸಿಕೊಂಡೆ. ರೋಧ ಅರ್ಧ ಮಿಲಿಓಮ್‌ಗೆ ಇಳಿಯಿತು.

ಇನ್ನೊಂದು ಕಿರಿಕಿರಿ: ತಣಿಸುವಾಗಲೂ ಬಿಸಿ ಮಾಡುವಾಗಲೂ ಅತಿವಾಹಕ ಸ್ಥಿತಿಯ ಬದಲಾವಣೆ ಬೇರೆಬೇರೆ ಉಷ್ಣತೆಯಲ್ಲಿ ಕಾಣುತ್ತಿತ್ತು. ಸೆನ್ಸರ್ ತಾಮ್ರದ ಮೇಲಿತ್ತು, ಫಿಲ್ಮ್ ಹಿಂದೆ ಬೀಳುತ್ತಿತ್ತು. ಶಾಖ ಸಾಗಿಸಲು ಡಬ್ಬಿಯೊಳಗೆ ತುಸು ಹೀಲಿಯಂ ಬಿಟ್ಟು, ಉಷ್ಣತೆ ಬದಲಿಸುವ ವೇಗ ತಗ್ಗಿಸಿದೆ. ತಣಿಸುವಾಗಿನ, ಬಿಸಿ ಮಾಡುವಾಗಿನ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು.