ಖಿನ್ನತೆಯ ಮಾತ್ರೆ ನಡೆಯುತ್ತಿರುವಾಗ ಕುಡಿಯೋ ಪ್ರಶ್ನೆ ಬಂದರೆ

ಸಂಜೆ ಪಾರ್ಟಿ ಇದೆ ಅಂತ ಬೆಳಗಿನ ಮಾತ್ರೆ ಬಿಡಬೇಡಿ. ಒಂದು ಹೊತ್ತು ಬಿಟ್ಟರೆ ಔಷಧಿ ಮೈಯಿಂದ ಹೋಗಿಬಿಡುವುದಿಲ್ಲ, ಸುಮ್ನೆ ತಲೆಸುತ್ತು, ಕಿರಿಕಿರಿ ಶುರುವಾಗಬಹುದು. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಥರದ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರೂ ಕುಡಿಯದಿರುವುದೇ ಒಳ್ಳೆಯದು. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಜೊತೆ ಕುಡಿದರೆ ಮಂಪರು ತುಂಬಾ ಜಾಸ್ತಿ, ಬುಪ್ರೊಪಿಯಾನ್ ಇದ್ದರೆ ಫಿಟ್ಸ್ ಬರುವ ಅಪಾಯವೂ ಇದೆ. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರ್ ಹತ್ತಿರ ನಿಜ ಹೇಳಿ, ಇದರಲ್ಲಿ ನಾಚಿಕೆ ಏನೂ ಇಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಅದಕ್ಕೂ ಡಾಕ್ಟರನ್ನೇ ಕೇಳಿ. ಗೆಳೆಯರು ‘ಒಂದೇ ಪೆಗ್ ಕಣೋ’ ಅಂದಾಗ ‘ಮಾತ್ರೆ ತಗೊಳ್ತಿದ್ದೀನಿ, ಬೇಡ’ ಅಂದರೆ ಸಾಕು, ಯಾವ ಮಾತ್ರೆ ಅಂತ ಹೇಳಬೇಕಿಲ್ಲ. ಕುಡಿದೇಬಿಟ್ಟಿದ್ದರೆ ಗಾಡಿ ಮುಟ್ಟಬೇಡಿ, ಒಬ್ಬರೇ ಇರಬೇಡಿ. ಸಾಯುವ ಯೋಚನೆ ಬಂದರೆ ತಕ್ಷಣ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.