ಇನ್ನೋವೇಶನ್‌ಗೆ ಕನ್ನಡದಲ್ಲಿ ಏನಂತ ಬರೆಯಬೇಕು?

ದಾವಣಗೆರೆಯಲ್ಲಿ ಕಾಲೇಜು ಹುಡುಗರು ಕಾರ್ಯಕ್ರಮದ ಫ್ಲೆಕ್ಸ್‌ಗೆ ಸಾಲು ಬರೆಸಲು ಬಂದಾಗಲೆಲ್ಲ ಇದೇ ಪ್ರಶ್ನೆ. 'ಸಾರ್, ಇನ್ನೋವೇಶನ್‌ಗೆ ಆವಿಷ್ಕಾರ ಅಂತ ಹಾಕೋಣ ಅಲ್ವಾ?' ಬೇಡ. ಮೊದಲು ಪದವನ್ನು ಬಿಡಿಸಿ ನೋಡಿ.

ಮೂಲ ಲ್ಯಾಟಿನ್‌ನ 'ಇನ್ನೊವಾರೆ', ಅಂದರೆ ಹೊಸದಾಗಿಸು. ಅದರೊಳಗಿರುವ 'ನೊವುಸ್' ಎಂದರೆ ಹೊಸ. ಸಂಸ್ಕೃತದ 'ನವ' ಇದರ ದಾಯಾದಿಯೇ. ನಮ್ಮ 'ಹೊಸ' ಮಾತ್ರ ಬೇರೆ ಮನೆಯದು. ಹಳಗನ್ನಡದಲ್ಲಿ ಅದು 'ಪೊಸ', ತಮಿಳಿನ 'ಪುದು'ವಿನ ನೆಂಟ.

ಮಜಾ ಏನೆಂದರೆ, 16, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪದ ಹೆಚ್ಚುಕಡಿಮೆ ಬೈಗುಳ. ಧರ್ಮದಲ್ಲಿ, ಆಳ್ವಿಕೆಯಲ್ಲಿ ಇದ್ದದ್ದನ್ನು ಕೆಡಿಸಿ ಹೊಸದು ತುರುಕುವವರಿಗೆ ಹಾಗನ್ನುತ್ತಿದ್ದರು. 1548ರಲ್ಲಿ ದೊರೆ ಆರನೇ ಎಡ್ವರ್ಡ್ ಹೆಸರಿನಲ್ಲಿ ಅಂಥವರ ವಿರುದ್ಧ ಘೋಷಣೆಯೇ ಹೊರಟಿತ್ತು. ಈಗ ಅದೇ ಪದಕ್ಕೆ ಬಹುಮಾನ ಕೊಡುತ್ತೇವೆ!

ಇವತ್ತಿನ ಅರ್ಥಕ್ಕೆ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಮುಖ್ಯ. ಕಂಡುಹಿಡಿಯುವುದು ಬೇರೆ, ಅದನ್ನು ಬಳಕೆಗೆ, ಮಾರುಕಟ್ಟೆಗೆ ತರುವುದು ಬೇರೆ ಎಂದು 1939ರ ಪುಸ್ತಕದಲ್ಲಿ ಅವರು ಬಿಡಿಸಿ ಹೇಳಿದರು. ಹಾಗಾಗಿ ಪದ ಆರಿಸುವ ಮುಂಚೆ ಕೇಳಿಕೊಳ್ಳಿ: ವಸ್ತು ಹೊಸದೋ, ಅದನ್ನು ಬಳಸಿದ ರೀತಿ ಹೊಸದೋ? ಅಡಿಕೆ ಸುಲಿಯುವ ಮೆಷಿನ್ ಮೊದಲು ಕಟ್ಟಿದ್ದು ಆವಿಷ್ಕಾರ. ಚನ್ನಗಿರಿ ಕಡೆ ಒಬ್ಬರು ಅದನ್ನು ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು, ತೋಟದಿಂದ ತೋಟಕ್ಕೆ ಹೋಗಿ ಬಾಡಿಗೆಗೆ ಸುಲಿದುಕೊಡಲು ಶುರುಮಾಡಿದರು ಅಂದುಕೊಳ್ಳಿ, ಅದು ಇನ್ನೋವೇಶನ್. ಬೆಣ್ಣೆದೋಸೆಯೂ ಅಷ್ಟೇ. ದೋಸೆ ಹಳೆಯದು, ಬೆಣ್ಣೆ ಇನ್ನೂ ಹಳೆಯದು, ಎರಡನ್ನೂ ಸೇರಿಸಿ ಮಾರಿದ್ದು ಹೊಸದು. ಚಿತ್ರದುರ್ಗದವರು ಕೇಳಿದರೆ ಓಬವ್ವನ ಒನಕೆ ನೆನಪಿಸಿ. ಭತ್ತ ಕುಟ್ಟುವ ಒನಕೆಗೆ ಕೋಟೆಯ ಕಿಂಡಿಯಲ್ಲಿ ಬೇರೆಯೇ ಕೆಲಸ ಸಿಕ್ಕಿತು. (ಶುಂಪೀಟರ್ ಒಪ್ಪುತ್ತಿರಲಿಲ್ಲ, ಅವರಿಗೆ ವ್ಯಾಪಾರ ಬೇಕು.)

ಈಗ ಪದ. ಪತ್ರಿಕೆಗಳಲ್ಲಿ 'ನಾವೀನ್ಯತೆ' ಜಾಸ್ತಿ. ವ್ಯಾಕರಣದ ಪ್ರಕಾರ 'ನಾವೀನ್ಯ' ಎಂದರೇ ಹೊಸತನ, ಮೇಲೆ 'ತೆ' ಸುಮ್ನೆ ಅಂಟಿಕೊಂಡಿದೆ, 'ಪ್ರಾವೀಣ್ಯತೆ' ಥರ. ಬಳಕೆಯಲ್ಲಿ ಬೇರೂರಿದೆ, ನಾನಂತೂ ಜಗಳಕ್ಕೆ ಹೋಗುವುದಿಲ್ಲ. ವರದಿ, ಅರ್ಜಿಗೆ ಅದೇ ಇರಲಿ. 'ನವೀಕರಣ' ಲ್ಯಾಟಿನ್ ಅರ್ಥಕ್ಕೆ ತೀರಾ ಹತ್ತಿರ, ಆದರೆ ಓದಿದವರಿಗೆ ಲೈಸೆನ್ಸ್ ನೆನಪಾಗುತ್ತದೆ, ಬೇಡ. ಮಾತಿನಲ್ಲಿ 'ಇನ್ನೋವೇಟ್ ಮಾಡಿ' ಅನ್ನುವ ಬದಲು 'ಬೇರೆ ಥರ ಮಾಡಿ ನೋಡಿ' ಅನ್ನಿ.

ಫ್ಲೆಕ್ಸ್‌ಗಾದರೆ 'ಹೊಸತನ' ಸಾಕು. ನಾಲ್ಕೇ ಅಕ್ಷರ, ದೂರಕ್ಕೂ ಕಾಣುತ್ತದೆ.