ಹೆಣ್ಣು ಜಿಂಕೆಯ ಟ್ಯಾಗ್ ಕೊಳ್ಳುವ ಮುನ್ನ: ಪೆನ್ಸಿಲ್ವೇನಿಯಾದ ಬಿಲ್ಲುಬೇಟೆಗೆ ಹೊರಟ ಕನ್ನಡಿಗರಿಗೆ

ಕಳೆದ ಮೂರು ವರ್ಷಗಳಲ್ಲಿ ಪಿಟ್ಸ್‌ಬರ್ಗಿನ ಸುತ್ತಮುತ್ತ ನೆಲೆಸಿರುವ ಐದು ಜನ ಕನ್ನಡಿಗ ಗೆಳೆಯರು ನನ್ನ ಜೊತೆ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಬಂದಿದ್ದಾರೆ. ಅವರಲ್ಲಿ ಮೂವರು, ಒಬ್ಬರದು ಇನ್ನೊಬ್ಬರಿಗೆ ತಿಳಿಯದೆಯೇ, 2018ರಲ್ಲಿ ನಾನು ಮಾಡಿದ್ದ ತಪ್ಪನ್ನೇ ಮಾಡಿದರು: ಬೇಟೆಯಾಡುವ ಜಾಗಕ್ಕೆ ಸಲ್ಲದ ಟ್ಯಾಗನ್ನು, ಅಂದರೆ ಹೊಡೆದ ಜಿಂಕೆಯ ಕಿವಿಗೆ ಕಟ್ಟುವ ಪರವಾನಗಿ ಚೀಟಿಯನ್ನು, ಕೊಂಡರು. ಮೂರನೆಯವರಿಗೆ ಅದು ದಂಡದವರೆಗೂ ಹೋಯಿತು. ಆದ್ದರಿಂದ ಬಿಲ್ಲನ್ನು ಎಲ್ಲಿ ಕೊಳ್ಳಬೇಕು, ಅಭ್ಯಾಸ ಹೇಗೆ ಮಾಡಬೇಕು, ಚಳಿಗೆ ಏನು ಹಾಕಿಕೊಳ್ಳಬೇಕು ಎಂಬುದನ್ನೆಲ್ಲ ಇಲ್ಲಿ ಬಿಟ್ಟಿದ್ದೇನೆ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಯಾರೂ ಹೇಳದೆ ಉಳಿದ ವಿಷಯಕ್ಕೇ ಇಲ್ಲಿ ಹೆಚ್ಚು ಜಾಗ ಕೊಡುತ್ತೇನೆ.

ಮೊದಲ ಬಾರಿಗೆ ಲೈಸೆನ್ಸ್ ಪಡೆಯುವವರು ಬೇಟೆ ಸುರಕ್ಷತೆಯ ತರಬೇತಿಯನ್ನು ಮುಗಿಸಿರಬೇಕು. ಆನ್‌ಲೈನ್ ತರಬೇತಿಗೆ ಶುಲ್ಕವಿದೆ, ತರಗತಿಯಲ್ಲಿ ಕುಳಿತು ಕಲಿಯುವುದು ಉಚಿತ. ನನ್ನ ಅಭಿಪ್ರಾಯದಲ್ಲಿ ತರಗತಿಗೆ ಹೋಗುವುದೇ ಒಳ್ಳೆಯದು, ಏಕೆಂದರೆ ಅಲ್ಲಿ ಪಾಠ ಹೇಳುವವರು ನಲವತ್ತು ವರ್ಷ ಕಾಡು ತಿರುಗಿದ ಊರಿನ ಹಿರಿಯರಾಗಿರುತ್ತಾರೆ ಮತ್ತು ಮುಂದೆ ಸಂದೇಹ ಬಂದಾಗ ಅವರಿಗೇ ಫೋನ್ ಮಾಡಬಹುದು. ಪೆನ್ಸಿಲ್ವೇನಿಯಾದಲ್ಲಿ ಮೂವತ್ತು ದಿನ ನೆಲೆಸಿ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಪಡೆದವರಿಗೆ ನಿವಾಸಿಗಳ ದರ ಅನ್ವಯವಾಗುತ್ತದೆ. ನಾನು ಕೊನೆಯ ಬಾರಿ ಕೊಂಡಾಗ ಸಾಮಾನ್ಯ ಲೈಸೆನ್ಸಿಗೆ 20.97 ಡಾಲರ್, ಅದರ ಮೇಲೆ ಬಿಲ್ಲುಬೇಟೆಯ ಲೈಸೆನ್ಸಿಗೆ 16.97 ಡಾಲರ್ ಆಗಿತ್ತು. ಹೊರರಾಜ್ಯದವರಿಗೆ ಸಾಮಾನ್ಯ ಲೈಸೆನ್ಸ್ ಒಂದಕ್ಕೇ 101.97 ಡಾಲರ್ ಬೀಳುತ್ತದೆ.

ವೀಸಾ ಮೇಲೆ ಇರುವವರು ಈ ವಿಷಯದಲ್ಲಿ ಬಹಳ ಅಂಜುತ್ತಾರೆ. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಮತ್ತು ಮದ್ದುಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ, ಆದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಕೊಡುತ್ತದೆ. ಬಿಲ್ಲು ಆ ಕಾನೂನಿನ ಪ್ರಕಾರ ಬಂದೂಕೇ ಅಲ್ಲ. ಬೇಟೆಯ ಆಸೆಯಿದ್ದೂ ಕೋವಿಯ ತಂಟೆ ಬೇಡ ಎನ್ನುವವರಿಗೆ ಇದು ದೊಡ್ಡ ಅನುಕೂಲ.

ಬಿಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಬಿಲ್ಲುಬೇಟೆಯ ಅವಧಿಯಲ್ಲಿ ಲಾಂಗ್‌ಬೋ, ರಿಕರ್ವ್, ಗಾಲಿಗಳಿರುವ ಕಾಂಪೌಂಡ್, 2009ರಿಂದೀಚೆಗೆ ಕ್ರಾಸ್‌ಬೋ ಎಲ್ಲಕ್ಕೂ ಅನುಮತಿಯಿದೆ. ನಾವೆಲ್ಲರೂ ಹಳೆಯ ಪದ್ಧತಿಯ ಬಿಲ್ಲನ್ನೇ ಆರಿಸಿಕೊಂಡೆವು, ಅಂದರೆ ಗಾಲಿಯಿಲ್ಲದ, ಗುರಿಗಣ್ಣಿಲ್ಲದ, ಹೆದೆಯನ್ನು ಮೂರು ಬೆರಳಿನಲ್ಲಿ ಕೆನ್ನೆಯವರೆಗೆ ಎಳೆದು ಬಿಡುವ ರಿಕರ್ವ್. ಕಾನೂನು ಕೇಳುವುದು ಕನಿಷ್ಠ 35 ಪೌಂಡ್ ಎಳೆತ, ಜೊತೆಗೆ ಕನಿಷ್ಠ 7/8 ಇಂಚು ಅಗಲ ಸೀಳುವ, ಎರಡು ಉಕ್ಕಿನ ಅಲಗುಗಳಿರುವ ಬಾಣದ ಮೊನೆ. ಆದರೆ ಕಾನೂನು ಕೊಡುವ ಅನುಮತಿ ಬೇರೆ, ಕೈಯಲ್ಲಿ ಇರಬೇಕಾದ ನಿಶ್ಚಯ ಬೇರೆ. ಹದಿನೈದು ಗಜದಲ್ಲಿ ಹತ್ತಕ್ಕೆ ಒಂಬತ್ತು ಬಾಣ ಊಟದ ತಟ್ಟೆಯೊಳಗೆ ಬೀಳದಿದ್ದರೆ ಆ ವರ್ಷ ಕಾಡಿಗೆ ಬರಬೇಡಿ ಎಂದು ನಾನು ಗೆಳೆಯರಿಗೆ ನೇರವಾಗಿ ಹೇಳುತ್ತೇನೆ. ಈ ರಾಜ್ಯದಲ್ಲಿ ಜಿಂಕೆಗೆಂದೇ ಪ್ರತ್ಯೇಕ ಬಿಲ್ಲುಬೇಟೆಯ ಅವಧಿ ಆರಂಭವಾದದ್ದು 1951ರಲ್ಲಿ. ಅಮೆರಿಕದಲ್ಲಿ ಈ ಬೇಟೆಯನ್ನು ಮನೆಮಾತಾಗಿಸಿದ ಫ್ರೆಡ್ ಬೇರ್ ಹುಟ್ಟಿದ್ದೂ ಪೆನ್ಸಿಲ್ವೇನಿಯಾದ ವೇನ್ಸ್‌ಬರೋದಲ್ಲಿ, 1902ರಲ್ಲಿ. ನಮ್ಮ ಮಲೆನಾಡಿನ ಕಡೆ ಶಿಕಾರಿಯಲ್ಲಿ ಕೋವಿ ಹಿಡಿದು ಕಾದು ಕೂರುವ ಜಾಗಕ್ಕೆ ಇಂದಿಗೂ 'ಬಿಲ್ಲು' ಎನ್ನುತ್ತಾರೆ. ನನ್ನ ಅಜ್ಜ 'ಬಿಲ್ಲಿಗೆ ಕೂರುವುದು' ಎನ್ನುತ್ತಿದ್ದುದರ ಮೂಲ ಅರ್ಥ ನನಗೆ ಮನದಟ್ಟಾದದ್ದು ಪಾಟರ್ ಕೌಂಟಿಯ ಒಂದು ಹೆಮ್ಲಾಕ್ ಮರದ ಬುಡದಲ್ಲಿ ಉಸಿರು ಬಿಗಿಹಿಡಿದು ಕುಳಿತಾಗ.

ಈಗ ಟ್ಯಾಗಿನ ವಿಷಯಕ್ಕೆ ಬರುತ್ತೇನೆ.

ಸಾಮಾನ್ಯ ಲೈಸೆನ್ಸಿನ ಜೊತೆ ಕೊಂಬುಳ್ಳ ಗಂಡು ಜಿಂಕೆಯ ಒಂದು ಟ್ಯಾಗ್ ಬರುತ್ತದೆ ಮತ್ತು ಅದು ಇಡೀ ರಾಜ್ಯದಲ್ಲಿ ನಡೆಯುತ್ತದೆ. ಕೊಂಬಿಲ್ಲದ ಜಿಂಕೆಗೆ, ಎಂದರೆ ಮುಖ್ಯವಾಗಿ ಹೆಣ್ಣಿಗೆ, ಪ್ರತ್ಯೇಕ ಲೈಸೆನ್ಸ್ ಬೇಕು. ಬೇಟೆಗಾರರು ಅದನ್ನು 'ಡೋ ಟ್ಯಾಗ್' ಎನ್ನುತ್ತಾರೆ, ನಿವಾಸಿಗಳಿಗೆ ಬೆಲೆ 6.97 ಡಾಲರ್. ಬೇಟೆ ಮತ್ತು ವನ್ಯಜೀವಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಗೇಮ್ ಕಮಿಷನ್ ರಾಜ್ಯವನ್ನು ವನ್ಯಜೀವಿ ನಿರ್ವಹಣಾ ಘಟಕಗಳಾಗಿ ವಿಂಗಡಿಸಿ ಪ್ರತಿ ಘಟಕಕ್ಕೂ ಒಂದು ಅಂಕಿ, ಒಂದು ಅಕ್ಷರ ಕೊಟ್ಟಿದೆ. ಡೋ ಟ್ಯಾಗ್ ಅದರ ಮೇಲೆ ಅಚ್ಚಾಗಿರುವ ಘಟಕದಲ್ಲಿ ಮಾತ್ರ ನಡೆಯುತ್ತದೆ, ಗಡಿಯ ರಸ್ತೆಯ ಆಚೆ ಬದಿಯಲ್ಲಿ ನಡೆಯುವುದಿಲ್ಲ.

ಇದು ಅರ್ಥವಾಗದಷ್ಟು ಕಷ್ಟದ ನಿಯಮವಲ್ಲ. ಹಾಗಿದ್ದರೂ ಓದುಬರಹ ಬಲ್ಲ, ಕೋಡ್ ಬರೆದು ಬದುಕುವ ನಾವೆಲ್ಲ ಇದರಲ್ಲೇ ಎಡವುವುದೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ರೇಷನ್ ಕಾರ್ಡಿನಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಸರ್ಕಾರದ ಯಾವ ಕಾಗದವಾದರೂ ನಾವು ವಾಸಿಸುವ ವಿಳಾಸಕ್ಕೆ ಅಂಟಿಕೊಂಡಿರುತ್ತದೆ ಎಂಬುದು ನಮ್ಮ ರೂಢಿ. 2018ರಲ್ಲಿ ಡೋ ಟ್ಯಾಗಿನ ಅರ್ಜಿಯನ್ನು ಗುಲಾಬಿ ಬಣ್ಣದ ಲಕೋಟೆಯಲ್ಲಿಟ್ಟು ಕೌಂಟಿಯ ಖಜಾಂಚಿಗೆ ಅಂಚೆಯಲ್ಲಿ ಕಳುಹಿಸಬೇಕಿತ್ತು. ಘಟಕ ಯಾವುದು ಎಂಬ ಪ್ರಶ್ನೆಯನ್ನು ನಾನು ನನ್ನ ವಿಳಾಸದ ಪ್ರಶ್ನೆ ಎಂದೇ ಓದಿಕೊಂಡು, ಪಿಟ್ಸ್‌ಬರ್ಗ್ ಸೇರಿರುವ 2ಬಿ ಎಂದು ಬರೆದೆ. ನಮ್ಮನ್ನು ಕ್ಯಾಂಪಿಗೆ ಕರೆದಿದ್ದ ಸಹೋದ್ಯೋಗಿಯ ಮರದ ಮನೆ ಇದ್ದದ್ದು ಪಾಟರ್ ಕೌಂಟಿಯಲ್ಲಿ 2ಜಿ ಘಟಕಕ್ಕೆ ಸೇರಿದ ಭಾಗದಲ್ಲಿ, ನನ್ನ ಮನೆಯಿಂದ ಸುಮಾರು ನಾಲ್ಕು ಗಂಟೆಯ ದಾರಿ.

ಗುರುವಾರ ಮತ್ತು ಶುಕ್ರವಾರ ರಜೆ ಹಾಕಿ, ನಾಲ್ವರು ಒಂದೇ ಕಾರಿನಲ್ಲಿ ಹೋಗಿ, ಸಂಜೆ ಒಲೆಯ ಮುಂದೆ ಕುಳಿತಿದ್ದಾಗ ಆ ಸಹೋದ್ಯೋಗಿ ಎಲ್ಲರ ಟ್ಯಾಗುಗಳನ್ನೂ ತೆಗೆದು ನೋಡಿದರು. ನನ್ನದನ್ನು ಹಿಂತಿರುಗಿ ಕೊಡುತ್ತ, ಇದು ನಿನ್ನ ಮನೆಯ ಹಿತ್ತಲಿಗೆ ಸರಿ, ಇಲ್ಲಿಗೆ ಅಲ್ಲ ಎಂದರು. ಮರುದಿನ ಬೆಳಗ್ಗೆ ಒಂದು ಹೆಣ್ಣು ಜಿಂಕೆ ನನ್ನಿಂದ ಹನ್ನೆರಡು ಗಜ ದೂರದಲ್ಲಿ, ಪಕ್ಕೆ ತೋರಿಸಿಕೊಂಡು, ಓಕ್ ಕಾಯಿ ಮೇಯುತ್ತ ಬಹಳ ಹೊತ್ತು ನಿಂತಿತ್ತು. ಹೆದೆಯ ಮೇಲೆ ಬೆರಳಿಟ್ಟುಕೊಂಡೇ ನಾನು ಅದನ್ನು ನೋಡುತ್ತ ಕುಳಿತೆ. ಶನಿವಾರ ಒಂದು ಎಳೆಯ ಗಂಡು ಬಂತು. ಅದರ ಎರಡೂ ಕೊಂಬುಗಳಲ್ಲಿ ಎರಡೆರಡೇ ಕವಲು ಇದ್ದವು. 2ಜಿಯಲ್ಲಿ ಒಂದು ಕೊಂಬಿನಲ್ಲಾದರೂ ಮೂರು ಕವಲು ಇರಲೇಬೇಕು, ಮತ್ತು ಹುಬ್ಬಿನ ಬಳಿಯ ಕವಲೂ ಲೆಕ್ಕಕ್ಕೆ ಸೇರುತ್ತದೆ. ನನ್ನ ಮನೆಯ 2ಬಿಯಲ್ಲಿ ಹುಬ್ಬಿನ ಕವಲನ್ನು ಬಿಟ್ಟು ಮೂರು ಇರಬೇಕು. ಹೀಗಾಗಿ ಘಟಕ ಬದಲಾದರೆ ಗಂಡಿನ ನಿಯಮವೂ ಬದಲಾಗುತ್ತದೆ ಎಂಬುದನ್ನು ಅಲ್ಲೇ ಕಲಿತೆ. ಭಾನುವಾರ ಆಗ ಬೇಟೆಗೆ ನಿಷೇಧವಿತ್ತು, ಬರಿಗೈಯಲ್ಲಿ ಮರಳಿದೆವು. 2019ರ ಕಾನೂನು ಮೂರು ಭಾನುವಾರಗಳನ್ನು ತೆರೆಯಿತು, 2025ರಲ್ಲಿ ಹಳೆಯ ನಿಷೇಧವನ್ನೇ ತೆಗೆದುಹಾಕಲಾಯಿತು. ಆದರೆ ಯಾವ ಭಾನುವಾರ ಬೇಟೆಗಿದೆ ಎಂಬುದನ್ನು ಆಯಾ ವರ್ಷದ ಪಟ್ಟಿಯಲ್ಲಿ ನೋಡಿಕೊಂಡೇ ರಜೆ ಹಾಕಬೇಕು.

2023ರಿಂದ ಲಕೋಟೆ ಹೋಗಿದೆ. ಡೋ ಟ್ಯಾಗ್ ಈಗ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ವ್ಯವಸ್ಥೆ ಸುಲಭವಾದಷ್ಟೂ ತಪ್ಪು ಹೆಚ್ಚಾದದ್ದನ್ನು ನಾನು ಕಂಡಿದ್ದೇನೆ. ಮಾರಾಟ ಶುರುವಾಗುವುದು ಜೂನ್ ಕೊನೆಯ ವಾರದಲ್ಲಿ. ನಮ್ಮವರಿಗೆ ಬೇಟೆಯ ನೆನಪಾಗುವುದು ಸೆಪ್ಟೆಂಬರಿನಲ್ಲಿ, ಎಲೆ ಕೆಂಪಾಗಲು ತೊಡಗಿದ ಮೇಲೆ. ಅಷ್ಟರೊಳಗೆ ಬಡಗಣ ಕಾಡಿನ ಘಟಕಗಳ ಟ್ಯಾಗುಗಳು ಮುಗಿದಿರುತ್ತವೆ. ನಗರವನ್ನು ಸುತ್ತುವರಿದ 2ಬಿಯಂತಹ ಘಟಕಗಳಲ್ಲಿ ಜಿಂಕೆಗಳು ಹೆಚ್ಚು, ಸಾರ್ವಜನಿಕ ಕಾಡು ಕಡಿಮೆ, ಆದ್ದರಿಂದ ಅಲ್ಲಿನ ಟ್ಯಾಗುಗಳು ತಡವಾದರೂ ಉಳಿದಿರುತ್ತವೆ. ಪರದೆಯ ಮೇಲೆ 'ಲಭ್ಯ' ಎಂದು ಕಂಡದ್ದನ್ನು ಹೊಸಬರು ಕೊಂಡು, ಕೆಲಸ ಮುಗಿಯಿತೆಂದು ಸಮಾಧಾನಪಡುತ್ತಾರೆ. ಮಾರುವವರು ತಡೆಯುವುದಿಲ್ಲ, ತಡೆಯುವುದು ಅವರ ಕೆಲಸವೂ ಅಲ್ಲ.

ನನ್ನ ಮೂರನೆಯ ಗೆಳೆಯ ಮಾಡಿದ್ದು ಇದನ್ನೇ. ಆ ವರ್ಷ ನಾನು ಜೊತೆಯಲ್ಲಿ ಇರಲಿಲ್ಲ, ಟ್ಯಾಗನ್ನು ಯಾರೂ ಮುಂಚೆ ನೋಡಲೂ ಇಲ್ಲ. ಅವನು ಹದಿನಾಲ್ಕು ಗಜದಲ್ಲಿ ಒಂದು ಹೆಣ್ಣನ್ನು ಶುದ್ಧವಾಗಿ ಹೊಡೆದ, ಅದು ಅರವತ್ತು ಗಜ ಓಡಿ ಬಿತ್ತು. ಟ್ಯಾಗ್ ತುಂಬಲು ಪೆನ್ನು ತೆಗೆದಾಗ ಅಕ್ಷರ ಕಣ್ಣಿಗೆ ಬಿತ್ತು. ಅವನು ತಾನಾಗಿಯೇ ಗೇಮ್ ವಾರ್ಡನ್‌ಗೆ, ಅಂದರೆ ಬೇಟೆಯ ನಿಯಮಗಳನ್ನು ಜಾರಿ ಮಾಡುವ ಅಧಿಕಾರಿಗೆ, ಫೋನ್ ಮಾಡಿ ಒಪ್ಪಿಕೊಂಡ, ಜಿಂಕೆಯನ್ನು ಬಿಟ್ಟುಕೊಟ್ಟ, ದಂಡ ಕಟ್ಟಿದ. ವಾರ್ಡನ್ ಸೌಜನ್ಯದಿಂದಲೇ ನಡೆದುಕೊಂಡರು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಗ್ರೀನ್ ಕಾರ್ಡಿನ ಐ-485 ಅರ್ಜಿಯಾಗಲಿ ಪೌರತ್ವದ ಎನ್-400 ಅರ್ಜಿಯಾಗಲಿ, ನಿಮ್ಮ ಮೇಲೆ ಎಂದಾದರೂ ಸೈಟೇಶನ್, ಅಂದರೆ ಕಾನೂನು ಮುರಿದದ್ದಕ್ಕೆ ಅಧಿಕಾರಿ ಕೊಡುವ ನೋಟಿಸು, ಬಂದಿದೆಯೇ ಎಂದು ಕೇಳುತ್ತದೆ. ಇಂತಹ ಒಂದು ದಂಡದಿಂದ ಅರ್ಜಿ ಬಿದ್ದುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಮರೆಮಾಚದೆ ಬರೆಯಬೇಕು, ದಾಖಲೆ ತರಿಸಿ ಜೋಡಿಸಬೇಕು, ವಕೀಲರಿಗೆ ತೋರಿಸಬೇಕು. ಏಳು ಡಾಲರಿನ ತಪ್ಪು ಟ್ಯಾಗ್ ಅವನಿಗೆ ಕೊನೆಗೆ ತಂದದ್ದು ವಕೀಲರ ಶುಲ್ಕ ಮತ್ತು ತಿಂಗಳುಗಟ್ಟಲೆ ನಿದ್ದೆಯಿಲ್ಲದ ರಾತ್ರಿಗಳನ್ನು. ಜೊತೆಗೆ ಬೇಟೆಯ ಹಕ್ಕನ್ನು ಒಂದು ರಾಜ್ಯ ಕಿತ್ತುಕೊಂಡರೆ, ಪರಸ್ಪರ ಒಪ್ಪಂದದ ಮೂಲಕ ದೇಶದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಅದು ಹೋಗುತ್ತದೆ.

ಆದ್ದರಿಂದ ಜೂನ್ ತಿಂಗಳಿನಲ್ಲೇ, ಕ್ಯಾಂಪಿಗೆ ಕರೆಯುವವರನ್ನು ಊರಿನ ಹೆಸರಲ್ಲ, ಕೂರುವ ಮರದ ನಕ್ಷೆಯ ಗುರುತನ್ನೇ ಕೇಳಿ ತರಿಸಿಕೊಳ್ಳಿ. ಘಟಕಗಳ ಗಡಿ ಸಾಗುವುದು ಹೆದ್ದಾರಿ ಮತ್ತು ನದಿಗಳ ಮೇಲೆ, ಕೌಂಟಿಯ ಗಡಿಯ ಮೇಲಲ್ಲ. ಒಂದೇ ಕೌಂಟಿ ಎರಡು ಘಟಕಗಳಲ್ಲಿ ಹಂಚಿಹೋಗಿರಬಹುದು. ಆ ಗುರುತನ್ನು ಗೇಮ್ ಕಮಿಷನ್ನಿನ ನಕ್ಷೆಯ ಮೇಲಿಟ್ಟು ನೋಡಿ, ಅಂಕಿ ಮತ್ತು ಅಕ್ಷರ ಎರಡನ್ನೂ ಬರೆದಿಟ್ಟುಕೊಂಡು, ಆಮೇಲೆ ಕೊಳ್ಳಿ. ತಡವಾಗಿ ಟ್ಯಾಗ್ ಮುಗಿದಿದ್ದರೂ ಒಂದು ದಾರಿಯಿದೆ. ಡಿಮ್ಯಾಪ್ ಎಂಬ ಪರವಾನಗಿ ಘಟಕಕ್ಕಲ್ಲ, ನಿರ್ದಿಷ್ಟ ಜಮೀನಿಗೆ ಅಥವಾ ಸರ್ಕಾರಿ ಕಾಡಿನ ನಿರ್ದಿಷ್ಟ ತುಂಡಿಗೆ ಸೇರಿದ್ದು, ನಿವಾಸಿಗಳಿಗೆ 10.97 ಡಾಲರ್. ಅದೂ ಆ ಗಡಿಯೊಳಗೆ ಮಾತ್ರ ನಡೆಯುತ್ತದೆ ಎಂಬುದನ್ನು ಮರೆಯಬೇಡಿ.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಗೆಳೆಯರು ಕೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ರಾಜ್ಯದಲ್ಲಿ ಜಿಂಕೆ ಬಹುತೇಕ ಅಳಿದುಹೋಗಿತ್ತು. 1895ರಲ್ಲಿ ಗೇಮ್ ಕಮಿಷನ್ ಸ್ಥಾಪನೆಯಾಗಿ, 1906ರಲ್ಲಿ ಮಿಶಿಗನ್ನಿನಿಂದ 50 ಜಿಂಕೆಗಳನ್ನು ತರಿಸಿ ಬಿಡಬೇಕಾಯಿತು. ಮುಂದೆ ಅವು ಮಿತಿಮೀರಿ ಬೆಳೆದು ಕಾಡಿನ ಎಳೆಯ ಸಸಿಗಳನ್ನೇ ಮುಗಿಸತೊಡಗಿದವು. ಹಿಂಡಿನ ಸಂಖ್ಯೆಯನ್ನು ಏರಿಸುವುದೂ ಇಳಿಸುವುದೂ ಹೆಣ್ಣಿನ ಲೆಕ್ಕದಿಂದಲೇ ಆದ್ದರಿಂದ ಪ್ರತಿ ವರ್ಷ ಪ್ರತಿ ಘಟಕಕ್ಕೂ ಎಷ್ಟು ಡೋ ಟ್ಯಾಗ್ ಎಂದು ನಿಗದಿಪಡಿಸುತ್ತಾರೆ. ಬಿಲ್ಲುಬಾಣಗಳನ್ನೂ ಒಳಗೊಂಡಂತೆ ಬೇಟೆಯ ಸಲಕರಣೆಗಳ ತೆರಿಗೆಯನ್ನು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಮೂಲಕ ವನ್ಯಜೀವಿಗಳಿಗೇ ಮೀಸಲಿಡಲಾಗಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮುಂದಿನ ತಿದ್ದುಪಡಿಗಳೊಂದಿಗೆ ಬೇಟೆಯನ್ನು ನಿಲ್ಲಿಸಿತು. ಬಂಡೀಪುರ, ನಾಗರಹೊಳೆ ಉಳಿದದ್ದು ಅದರಿಂದ ಎಂದು ನಾನು ಖಂಡಿತವಾಗಿ ನಂಬುತ್ತೇನೆ, ನಮ್ಮ ಜನಸಾಂದ್ರತೆಗೆ ಅದೇ ಸರಿ. ಆದರೆ ಬೇಟೆಗಾರನನ್ನೇ ಲೆಕ್ಕ ಇಡುವವನನ್ನಾಗಿ ಮಾಡಿ, ಅವನ ಹಣದಿಂದಲೇ ಕಾಡನ್ನು ಕಾಯುವ ಈ ವ್ಯವಸ್ಥೆ ಇಲ್ಲಿಯ ಮಟ್ಟಿಗೆ ಹೆಚ್ಚು ಪ್ರಾಮಾಣಿಕವೆಂದು ನನಗನ್ನಿಸುತ್ತದೆ. ನಮ್ಮ ಕಡೆ ಕಾನೂನು ಇದ್ದೂ ಉರುಳು ಹಾಕುವವರನ್ನು ಕಂಡು ಬೆಳೆದವನು ನಾನು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಜಿಂಕೆ ಬಿದ್ದ ಕೂಡಲೇ, ಅದನ್ನು ಒಂದು ಹೆಜ್ಜೆಯೂ ಎಳೆಯುವ ಮುನ್ನ, ಟ್ಯಾಗ್ ತುಂಬಿ ಕಿವಿಗೆ ಕಟ್ಟಬೇಕು. ಸಂಭ್ರಮದಲ್ಲಿ ಮೊದಲು ರಸ್ತೆಗೆ ಎಳೆದು ತರುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಹತ್ತು ದಿನದೊಳಗೆ ಗೇಮ್ ಕಮಿಷನ್‌ಗೆ ವರದಿ ಮಾಡಬೇಕು. ಉಪ್ಪಿನ ಗಟ್ಟಿ, ಜೋಳ, ಸೇಬು ಇಟ್ಟು ಜಿಂಕೆಯನ್ನು ಕರೆಯುವುದು ಈ ರಾಜ್ಯದಲ್ಲಿ ಅಪರಾಧ. ಮರಗಳ ಮೇಲೆ ನೇರಳೆ ಬಣ್ಣದ ಪಟ್ಟಿ ಕಂಡರೆ ಅದು ಪ್ರವೇಶವಿಲ್ಲ ಎಂಬ ಸೂಚನೆ. ಗಾಯಗೊಂಡ ಜಿಂಕೆ ಆಚೆಗೆ ಓಡಿದ್ದರೂ ಮಾಲೀಕರ ಒಪ್ಪಿಗೆಯಿಲ್ಲದೆ ಹಿಂಬಾಲಿಸಬೇಡಿ. ಮಾಂಸವನ್ನು ಗೆಳೆಯರಿಗೆ ಕೊಡಬಹುದು, ಆದರೆ 'ಪೆಟ್ರೋಲ್ ಖರ್ಚಿಗೆ' ಎಂದು ಅವರಿಂದ ಇಪ್ಪತ್ತು ಡಾಲರ್ ತೆಗೆದುಕೊಂಡರೂ ಅದು ಮಾರಾಟವೆನಿಸಬಹುದು ಮತ್ತು ಬೇಟೆಯ ಮಾಂಸ ಮಾರುವುದು ನಿಷಿದ್ಧ.

ಓಹಾಯೊದಿಂದಲೋ ನ್ಯೂಜೆರ್ಸಿಯಿಂದಲೋ ಬಂದವರು ಜಿಂಕೆಯನ್ನು ಇಡಿಯಾಗಿ ಕಾರಿಗೆ ಹಾಕಿಕೊಂಡು ಹೋಗುವಂತಿಲ್ಲ. ಜಿಂಕೆಯ ಮಿದುಳನ್ನು ಕೆಡಿಸುವ ಸಿಡಬ್ಲ್ಯೂಡಿ ಎಂಬ ವಾಸಿಯಾಗದ ರೋಗ ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಕಾಣಿಸಿಕೊಂಡ ಮೇಲೆ ತಲೆ, ಬೆನ್ನುಮೂಳೆ, ಗುಲ್ಮಗಳ ಸಾಗಣೆಗೆ ನಿರ್ಬಂಧಗಳು ಬಂದಿವೆ. ರಾಜ್ಯದೊಳಗೇ ರೋಗ ನಿರ್ವಹಣಾ ಪ್ರದೇಶಗಳ ಗಡಿಯನ್ನು ಅವು ದಾಟುವಂತಿಲ್ಲ. ಮೂಳೆ ಬಿಡಿಸಿದ ಮಾಂಸವನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ, ತಲೆಯನ್ನು ಅಲ್ಲಿನ ಸಂಗ್ರಹ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಹಾಕಿ ಬನ್ನಿ, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲೇ ಇಡಿ. ಬೇಯಿಸಿದರೆ ಈ ರೋಗಕಾರಕ ಸಾಯುವುದಿಲ್ಲ, ಆದ್ದರಿಂದ ರೋಗವಿದೆ ಎಂದು ತಿಳಿದುಬಂದರೆ ಎಷ್ಟು ಮಾಂಸವಿದ್ದರೂ ಅಡುಗೆಗೆ ಬಳಸಬೇಡಿ.